ಆರನೆಯ ಊರಿನ ರಾಶಿ

ಮಾವಿನಹೊಳೆ ರಾಗಿ ಸಂಶೋಧನಾ ಕೇಂದ್ರ
10 ಜನವರಿ 1983

ಪ್ರಿಯ ಕ್ಲೆಮೆಂಟ್,

ನೀನು ಕುವೈತಿಗೆ ಹೋದ ಮೇಲೆ ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಕಳುಹಿಸುತ್ತೀಯ. ನಾನು ಒಂದಕ್ಕೂ ಉತ್ತರ ಬರೆದವನಲ್ಲ. ಈಗ ಕೆಲಸ ಬಿದ್ದಿದೆ, ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದು ಮುಗಿಸಿ ಮುಂದೆ ಓದು.

ನಲವತ್ತೊಂದನೆಯ ನಂಬರಿನ ರಾಗಿ ನೆನಪಿದೆಯಲ್ಲ? ನೀನು ಇಲ್ಲಿ ಲೆಕ್ಕದ ಸಹಾಯಕನಾಗಿದ್ದಾಗ ಅದರ ಗಿಡ್ಡ ತೆನೆ ನೋಡಿ, "ಇದೆಂತದು ಸರ್, ಮುಷ್ಟಿ ಬಿಗಿದು ನಿಂತಿದೆ" ಎಂದಿದ್ದೆ. ಆ ತಳಿಯ ಹಿಂದೆ ಬಿದ್ದು ನನಗೆ ಹದಿನೈದು ವರ್ಷವಾಯಿತು. ಕಳೆದ ಮುಂಗಾರಿನಲ್ಲಿ ಕೊನೆಗೂ ಅದನ್ನು ಕೇಂದ್ರದ ಬೇಲಿ ದಾಟಿಸಿದೆ. ಆರು ಊರು, ಹನ್ನೆರಡು ತಳಿ. ಪ್ರತಿ ಊರಿನಲ್ಲೂ ಪ್ರತಿ ತಳಿಗೆ ಮೂರು ತಾಕು. ನಾಲ್ಕು ಊರುಗಳಲ್ಲಿ ಮಣ್ಣೂ ಚೆನ್ನ, ಮಳೆಯೂ ಚೆನ್ನ. ಅಲ್ಲೆಲ್ಲ ನಮ್ಮದು ಹಿಂದೆ ಬಿತ್ತು. ಐದನೆಯದರಲ್ಲಿ ಸರಿಸಮ. ಆರನೆಯದು ಪುಟ್ಟಯ್ಯ ಎಂಬ ರೈತನ ಕಲ್ಲುನೆಲ. ಮಳೆ ಕೈಕೊಟ್ಟು ಉಳಿದ ಹನ್ನೊಂದೂ ನೆಲ ಕಚ್ಚಿದಾಗ ಅಲ್ಲಿ ಇದೊಂದೇ ತೆನೆ ಕಟ್ಟಿತು. ಆ ಒಂದು ಊರಿನ ಬಲದಿಂದ ಒಟ್ಟು ಸರಾಸರಿಯಲ್ಲಿ ಹೋಲಿಕೆಗಿಟ್ಟ ಹಳೆಯ ತಳಿಗಿಂತ ಕೂದಲೆಳೆಯಷ್ಟು ಮುಂದಿದೆ.

ತಳಿ ಬಿಡುಗಡೆ ಸಮಿತಿ ಏಪ್ರಿಲ್ ಕೊನೆಗೆ ಸೇರುತ್ತದೆ. ನಾನು ಜೂನ್ ಮೂವತ್ತಕ್ಕೆ ನಿವೃತ್ತನಾಗುತ್ತೇನೆ. ಆಮೇಲೆ ಇದನ್ನು ಹೊತ್ತು ತಿರುಗುವವರು ಇಲ್ಲಿ ಯಾರೂ ಇಲ್ಲ. ಬೀಜ ಡಬ್ಬಿಯಲ್ಲೇ ಮುಗ್ಗಲು ಹಿಡಿಯುತ್ತದೆ. ಸಮಿತಿಯವರಿಗೆ ಬರೀ ಸರಾಸರಿ ಸಾಲದಂತೆ, ತಳಿ ಊರಿಂದೂರಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಲೆಕ್ಕ ಬೇಕಂತೆ. ಬೆಂಗಳೂರಿನ ಕಂಪ್ಯೂಟರಿನ ಮುಂದೆ ಉದ್ದ ಸಾಲಿದೆ. ನಾನು ಅವರ ಹಿಂದಿನ ಸಭೆಯಲ್ಲಿ ಎದೆಯುಬ್ಬಿಸಿ, "ನಮ್ಮ ಹುಡುಗ ಕುವೈತಿನ ಅಹ್ಮದಿಯಲ್ಲಿದ್ದಾನೆ, ಕೋಣೆಯಷ್ಟು ದೊಡ್ಡ ಮೆಷಿನ್ ಅವನ ಕೈಕೆಳಗಿದೆ" ಎಂದುಬಿಟ್ಟೆ. ಎಲ್ಲ ತಾಕುಗಳ ತೂಕ ಜೊತೆಗಿಟ್ಟಿದ್ದೇನೆ. ನನ್ನ ಮಾನ ಉಳಿಸು.

ಫೆಲ್ಸಿಗೆ ನನ್ನ, ಕಾಂತಮ್ಮನ ಆಶೀರ್ವಾದ.

ತಿಮ್ಮರಾಯಪ್ಪ

*

ಕುವೈತ್
4 ಫೆಬ್ರವರಿ 1983

ಪೂಜ್ಯ ತಿಮ್ಮರಾಯಪ್ಪನವರಿಗೆ ಕ್ಲೆಮೆಂಟನ ನಮಸ್ಕಾರಗಳು.

ನಿಮ್ಮ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ಯಾರೋ ಪುಣ್ಯಾತ್ಮರು ಕೊಟ್ಟು ಕಳುಹಿಸಿ, ಮೊನ್ನೆ ಕೈಸೇರಿತು. ಇನ್ನು ಮುಂದೆ ಲಕೋಟೆಯ ಹಿಂದಿರುವ ಅಂಚೆಪೆಟ್ಟಿಗೆ ನಂಬರಿಗೇ ಬರೆಯಿರಿ. ಕಂಪನಿಯ ವಿಳಾಸಕ್ಕೆ ಬೇಡ.

ಲೆಕ್ಕ ಖಂಡಿತ ಮಾಡಿಕೊಡುತ್ತೇನೆ ಸರ್. ಸ್ವಲ್ಪ ಸಮಯ ಹಿಡಿಯುತ್ತದೆ. ಇಲ್ಲಿ ರಜೆ ಶುಕ್ರವಾರ ಮಾತ್ರ; ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದರೆ ಮಧ್ಯಾಹ್ನ ಉಳಿಯುತ್ತದೆ. ಮೆಷಿನಿನ ಬಗ್ಗೆ ನೀವು ಯೋಚಿಸಬೇಡಿ. ಅದು ನನ್ನ ಜವಾಬ್ದಾರಿ.

ಫೆಲ್ಸಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿಯೇ ಇದ್ದಾಳೆ. ಈಗ ಎರಡು ಪಾಳಿ ಮಾಡುತ್ತಿದ್ದಾಳೆ. ಮಗಳಿಗೆ ಆರು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಈ ಬಾರಿ ಚಳಿ ಜಾಸ್ತಿ. ನಾನಂತೂ ದಿನವಿಡೀ ಸ್ವೆಟರಿನಲ್ಲೇ ಇರುತ್ತೇನೆ.

ನಲವತ್ತೊಂದು ನೆನಪಿದೆ ಸರ್. ಈ ಊರಿನಲ್ಲಿ ಇರುವಷ್ಟು ದಿನ ಅದನ್ನು ಮರೆಯುವುದು ಕಷ್ಟ.

ನಿಮ್ಮ
ಕ್ಲೆಮೆಂಟ್

*

ಮಾವಿನಹೊಳೆ
5 ಮಾರ್ಚ್ 1983

ಕುವೈತಿನ ಸಾಹೇಬರಿಗೆ,

ಒಂದು ತಿಂಗಳಾಯಿತು. ನಮ್ಮ ಕಡೆ ಹೊಸ ಸೊಸೆ ಕೂಡ ಇಷ್ಟು ನಿಧಾನವಾಗಿ ಕಾಫಿ ತರುವುದಿಲ್ಲ. ಸಂಬಳ ಪಟ್ಟಿ ಒಂದು ನಿಮಿಷದಲ್ಲಿ ಉಗುಳುವ ಮೆಷಿನ್ನು, ನನ್ನ ಇನ್ನೂರ ಹದಿನಾರು ತಾಕುಗಳಿಗೆ ಯಾಕಪ್ಪಾ ತಿಣುಕುತ್ತಿದೆ? ಅಲ್ಲಿ ದೊಡ್ಡ ಕೆಲಸ, ದೊಡ್ಡ ಜನ. ಹಳ್ಳಿ ರಾಗಿಯ ನೆನಪು ಶುಕ್ರವಾರಕ್ಕೊಮ್ಮೆ ಬಂದರೆ ಹೆಚ್ಚು ಎಂದು ಕಾಂತಮ್ಮನ ಮುಂದೆ ಅಂದೆ. ಅವಳು ನಿನ್ನ ಪಕ್ಷ. "ಆ ಹುಡ್ಗ ಅಂಥೋನಲ್ಲ, ಏನೋ ತಾಪತ್ರಯ ಇರ್ಬೇಕು" ಅಂತಾಳೆ. ದಿನವಿಡೀ ಸ್ವೆಟರು ಹಾಕಿಕೊಂಡು ಏರ್ ಕಂಡಿಷನ್ ಕೋಣೆಯಲ್ಲಿ ಕೂರುವವನಿಗೆ ಎಂಥ ತಾಪತ್ರಯ ಎಂದು ನಾನು ಕೇಳಿದೆ.

ಇನ್ನೊಂದು ಮಾತು. ಫಲಿತಾಂಶವನ್ನು ಆ ಎರಡೂ ಅಂಚಿಗೆ ತೂತಿರುವ ಉದ್ದನೆಯ ಕಾಗದದಲ್ಲೇ ಕಳುಹಿಸು. ಅಧ್ಯಕ್ಷರಿಗೆ ಅದನ್ನು ಕಂಡರೆ ಗೌರವ. ಜೊತೆಗೆ ಲೆಕ್ಕದ ತಿರುಳನ್ನು ಒಂದು ಪುಟದಲ್ಲಿ ನನಗೂ ತಿಳಿಯುವಂತೆ ಬರೆ. ಸಮಿತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನಾನು ಬಾಯಿ ಬಾಯಿ ಬಿಡಬಾರದು.

ತಿಮ್ಮರಾಯಪ್ಪ

*

ಕುವೈತ್
18 ಮಾರ್ಚ್ 1983

ಪೂಜ್ಯರಿಗೆ ನಮಸ್ಕಾರಗಳು.

ತಡವಾದದ್ದಕ್ಕೆ ಕ್ಷಮಿಸಿ. ನಾಲ್ಕು ಹಾಳೆ ಕಳುಹಿಸುತ್ತಿದ್ದೇನೆ. ತೂತಿನ ಕಾಗದ ಸದ್ಯಕ್ಕೆ ಸಿಗುವಂತಿಲ್ಲ, ನಾನೇ ಕೈಯಲ್ಲಿ ಇಳಿಸಿಕೊಂಡಿದ್ದೇನೆ.

ತಿರುಳು ಇಷ್ಟು. ಊರು ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ನಾವು ಮಣ್ಣನ್ನೂ ಅಳೆಯುವುದಿಲ್ಲ, ಮಳೆಯನ್ನೂ ಅಳೆಯುವುದಿಲ್ಲ. ಅಲ್ಲಿ ಬೆಳೆದ ಹನ್ನೆರಡೂ ತಳಿಗಳ ಸರಾಸರಿಯೇ ಆ ಊರಿನ ಅಳತೆ. ಅದನ್ನು ಅಡ್ಡಕ್ಕೂ, ನಲವತ್ತೊಂದು ಅಲ್ಲಿ ಕೊಟ್ಟದ್ದನ್ನು ಉದ್ದಕ್ಕೂ ಗುರುತು ಮಾಡಿದರೆ ಊರಿಗೊಂದರಂತೆ ಆರು ಚುಕ್ಕೆ. ಅವುಗಳ ನಡುವೆ ಹಾಯುವಂತೆ ಒಂದು ಗೆರೆ ಎಳೆಯುತ್ತೇವೆ. ಗೆರೆ ಕಡಿದಾಗಿದ್ದರೆ ತಳಿ ಒಳ್ಳೆಯ ಊರಿನಲ್ಲಿ ಹಿಗ್ಗುತ್ತದೆ, ಕೆಟ್ಟ ಊರಿನಲ್ಲಿ ಕುಗ್ಗುತ್ತದೆ. ಚಪ್ಪಟೆಯಾಗಿದ್ದರೆ ಊರು ಹೇಗಿದ್ದರೂ ತನ್ನ ಪಾಡಿಗೆ ತಾನು ಕೊಡುತ್ತದೆ. ನಿಮ್ಮದು ಚಪ್ಪಟೆ ಗೆರೆ. ಊಟ ಬಡಿಸುತ್ತಾ ಇದನ್ನು ಫೆಲ್ಸಿಗೆ ಹೇಳಿದೆ. "ಹಾಗಾದ್ರೆ ಈ ಜಹ್ರಾ ಊರನ್ನು ಅಳೀಲಿಕ್ಕೆ ನಮ್ಮನ್ನೂ ಲೆಕ್ಕಕ್ಕೆ ಸೇರಿಸ್ತಾರಾ? ಸರಾಸರಿ ಇಳಿದುಹೋದೀತು ಮಾರಾಯ್ರೆ" ಎಂದಳು.

ಇನ್ನೊಂದು ಪರೀಕ್ಷೆ ಇದೆ. ಚುಕ್ಕೆಗಳು ಗೆರೆಯಿಂದ ತೀರ ದೂರ ಚೆದುರಿದ್ದರೆ ತಳಿಯನ್ನು ನಂಬುವಂತಿಲ್ಲ ಎಂದು ಸಮಿತಿ ಬದಿಗಿಡುತ್ತದೆ. ಎಷ್ಟು ದೂರ ಇದ್ದರೆ ತೀರ ದೂರ? ಒಂದೇ ಊರಿನಲ್ಲಿ ಒಂದೇ ತಳಿಯ ಮೂರು ತಾಕುಗಳು ಸುಮ್ಮನೆ ತಮ್ಮತಮ್ಮಲ್ಲೇ ಎಷ್ಟು ಹೆಚ್ಚುಕಡಿಮೆ ಆಗುತ್ತವೋ ಅದನ್ನು ನೋಡಿ ತೀರ್ಮಾನಿಸುತ್ತೇವೆ. ಈ ಪರೀಕ್ಷೆಯಲ್ಲಿ ನಲವತ್ತೊಂದು ಸೋಲುತ್ತದೆ. ಕೊಂಚದರಲ್ಲಿ ಸೋಲುತ್ತದೆ, ಆದರೆ ಸೋಲುತ್ತದೆ.

ಸರ್, ಕೇಳಲು ಸಂಕೋಚವಾಗುತ್ತದೆ. ಐದು ಊರುಗಳಲ್ಲಿ ಒಂದೇ ತಳಿಯ ಮೂರು ತಾಕುಗಳ ನಡುವೆ ಅರ್ಧ ಕಿಲೋ, ಮುಕ್ಕಾಲು ಕಿಲೋ ವ್ಯತ್ಯಾಸವಿದೆ. ಪುಟ್ಟಯ್ಯನ ಹೊಲದಲ್ಲಿ ಮಾತ್ರ ಹತ್ತು ಗ್ರಾಂ, ಇಪ್ಪತ್ತು ಗ್ರಾಂ. ಹನ್ನೆರಡೂ ತಳಿಗಳಲ್ಲಿ ಹೀಗೆಯೇ. ಕಲ್ಲುನೆಲ ಇಷ್ಟು ಸಮವಾಗಿ ಹಂಚಿ ಕೊಡುವುದನ್ನು ನಾನು ಕಂಡಿಲ್ಲ. ತಾಕುಗಳ ಸಹಜ ಹೆಚ್ಚುಕಡಿಮೆಯನ್ನು ಈ ಊರು ಕೆಳಗೆಳೆದಿರುವುದರಿಂದಲೇ ನಿಮ್ಮ ತಳಿಯ ಚುಕ್ಕೆಗಳು ದೂರ ಕಾಣುತ್ತಿವೆ. ಅಲ್ಲಿ ತೂಕ ಮಾಡಿದವರು ಯಾರು?

ನಿಮ್ಮ
ಕ್ಲೆಮೆಂಟ್

*

ಮಾವಿನಹೊಳೆ
31 ಮಾರ್ಚ್ 1983

ಕ್ಲೆಮೆಂಟ್,

ನಿನ್ನ ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ನಿನ್ನ ತಪ್ಪು ಹುಡುಕಲು ಹಾಳೆಗಳನ್ನು ಹರಡಿಕೊಂಡು ಕೂತೆ. ಸಿಕ್ಕಿತು. ಎರಡನೆಯ ಹಾಳೆಯಲ್ಲಿ, ಏಳನೆಯ ತಳಿಯ ಮೊತ್ತದಲ್ಲಿ, ಬಿಡಿ ಸ್ಥಾನದ ಆರು ಬರೆದು ದಶಕದ ಎರಡನ್ನು ಮುಂದಿನ ಸಾಲಿಗೆ ಕೂಡಿಸಲು ಮರೆತಿದ್ದೀಯ. ನಮ್ಮ ತಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಹೀಗೆ ಮರೆಯುವುದು ಮೂರನೆಯ ಕ್ಲಾಸಿನ ಮಕ್ಕಳು ಮತ್ತು ದಣಿದ ಗಂಡಸರು. ಕಂಪ್ಯೂಟರು ದಶಕ ಮರೆಯುವುದಿಲ್ಲ. ಅಹ್ಮದಿಯವನು ಜಹ್ರಾವನ್ನು ಯಾಕೆ ಅಳೆಯುತ್ತಿದ್ದಾನೆ ಎಂದೂ ಆಮೇಲೆ ಹೊಳೆಯಿತು. ಮೆಷಿನ್ನು ಎಲ್ಲಿದೆ ಹೇಳು.

ನೀನು ನನ್ನನ್ನು ಕೇಳಿದ್ದಕ್ಕೆ ಉತ್ತರ ಹೀಗಿದೆ. ಕೊಯ್ಲಾದ ಮೇಲೆ ನಮ್ಮ ಕ್ಷೇತ್ರ ಸಹಾಯಕ ಮಗಳ ಮದುವೆಗೆಂದು ರಜೆ ಹಾಕಿದ. ಕಂತೆಗಳಿಗೆಲ್ಲ ಚೀಟಿ ಕಟ್ಟಿ ಪುಟ್ಟಯ್ಯನ ವಶಕ್ಕೆ ಕೊಟ್ಟು ಹೋಗಿದ್ದ. ನಾನು ಒಂದು ವಾರ ತಡವಾಗಿ ಕಣಕ್ಕೆ ಹೋದೆ. ಹೋಗಿ ನೋಡಿದರೆ ಮೂವತ್ತಾರು ಇರಬೇಕಾದಲ್ಲಿ ಹನ್ನೆರಡೇ ರಾಶಿ. ಒಂದೊಂದು ರಾಶಿಯ ನೆತ್ತಿಗೂ ಸಗಣಿಯ ಬೆನಕ, ಮೇಲೊಂದು ಹೂವು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

"ಏನ್ ಪುಟ್ಟಯ್ಯ ಇದು? ಮೂರು ಮೂರು ಬೇರೆ ಬೇರೆ ಇಡು ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ ಸಾಮಿ. ಆದ್ರೆ ಒಂದೇ ಬೆಳೆಗೆ ಮೂರು ರಾಶಿ ಹಾಕೋದು ಅಣ್ತಮ್ದೀರು ಭಾಗ ಆಗೋ ವರ್ಸ. ನಮ್ಮನೇಲಿ ಇನ್ನೂ ಒಂದೇ ಒಲೆ. ನಿಮ್ ಬೆಳೆಗೂ ಕೇಡಾಗ್ಬಾರ್ದು ಅಂತ ಒಂದೊಂದು ಹೆಸ್ರುದ್ದು ಒಂದೊಂದು ರಾಶಿ ಮಾಡಿ ಪೂಜೆ ಮಾಡಿವ್ನಿ."

ಬೈಯಲು ಮನಸ್ಸಾಗಲಿಲ್ಲ. ನನ್ನ ಬೆಳೆಗೆ ಒಳ್ಳೆಯದಾಗಲಿ ಎಂದು ಮಾಡಿದ್ದು. ರಾಶಿಗಳನ್ನು ತೂಗಿದೆ. ತೂಕ ಸತ್ಯ. ಆದರೆ ಸಮಿತಿಯ ನಮೂನೆಯಲ್ಲಿ ಪ್ರತಿ ತಾಕಿಗೂ ಒಂದು ಮನೆ ಇದೆ. ಖಾಲಿ ಬಿಟ್ಟರೆ ಆ ಊರನ್ನೇ ಹೊಡೆದು ಹಾಕುತ್ತಾರೆ, ಆ ಊರಿಲ್ಲದೆ ನಲವತ್ತೊಂದು ಇಲ್ಲ. ಆದ್ದರಿಂದ ಮೂರರಿಂದ ಭಾಗಿಸಿದೆ. ಮೂರೂ ಒಂದೇ ಆದರೆ ಅನುಮಾನ ಬರುತ್ತದೆ ಎಂದು ಅಲ್ಲಲ್ಲಿ ಹತ್ತು ಗ್ರಾಂ ಹೆಚ್ಚು, ಹತ್ತು ಗ್ರಾಂ ಕಡಿಮೆ ಬರೆದೆ. ಹೆಚ್ಚು ಸುಳ್ಳು ಹೇಳಲು ಧೈರ್ಯವಾಗಲಿಲ್ಲ. ಆ ಹೆದರಿಕೆಯೇ ತಳಿಗೆ ಮುಳುವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ತಿಮ್ಮರಾಯಪ್ಪ

*

ಜಹ್ರಾ, ಕುವೈತ್
15 ಏಪ್ರಿಲ್ 1983

ಪೂಜ್ಯರಿಗೆ ನಮಸ್ಕಾರಗಳು.

ನಿಮ್ಮ ಸಭೆಗೆ ಮೊದಲು ತಲುಪಲಿ ಎಂದು ಇದನ್ನು ಊರಿಗೆ ಹೊರಟಿರುವ ಒಲಿಂಡಾ ಬಾಯಿಯ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅವರು ಫೆಲ್ಸಿಯ ಜೊತೆ ಕೆಲಸ ಮಾಡುವವರು. ಬೊಂಬಾಯಿಯಲ್ಲಿ ಇಳಿದ ಕೂಡಲೇ ಅಂಚೆಗೆ ಹಾಕುತ್ತಾರೆ.

ಮೆಷಿನ್ ಇಲ್ಲ ಸರ್. ಹೋದ ಆಗಸ್ಟಿನಲ್ಲಿ ಇಲ್ಲಿಯ ಷೇರುಪೇಟೆ ಮುಳುಗಿತು. ನಾನು ಒಂದು ಷೇರನ್ನೂ ಕಣ್ಣಿಂದ ಕಂಡವನಲ್ಲ, ಆದರೆ ನನ್ನ ಕಫೀಲ್ ಕಂಡಿದ್ದರು. ಕಫೀಲ್ ಎಂದರೆ ನಮಗೆ ಜಾಮೀನು ನಿಂತ ಧಣಿ; ಇಲ್ಲಿರಲು ಬೇಕಾದ ಇಕಾಮಾ ಅವರ ಹೆಸರಿನಲ್ಲೇ ಇರುತ್ತದೆ. ನವೆಂಬರಿನಲ್ಲಿ ನಮ್ಮ ಕಂಪನಿ ಬಾಗಿಲು ಹಾಕಿತು. ಅಹ್ಮದಿಯ ಹುಲ್ಲುಹಾಸಿನ ಮನೆ ಬಿಟ್ಟೆವು. ಧಣಿಯ ತಮ್ಮನಿಗೆ ಜಹ್ರಾದಲ್ಲಿ ತರಕಾರಿ ಇಡುವ ಶೀತಲ ಗೋದಾಮು ಇದೆ. ಇಕಾಮಾ ಉಳಿಯಬೇಕಾದರೆ ಅಲ್ಲಿಗೆ ಹೋಗು ಎಂದರು, ಹೋದೆ. ಟೊಮೆಟೊ ಪೆಟ್ಟಿಗೆ ಎಣಿಸುವುದು ನನ್ನ ಕೆಲಸ. ಹೊರಗೆ ಕಾದ ಕಾವಲಿಯಂಥ ಬಿಸಿಲು, ಒಳಗೆ ಸ್ವೆಟರು. ನೀವು ಏರ್ ಕಂಡಿಷನ್ ಎಂದು ಬರೆದದ್ದನ್ನು ಓದಿ ಫೆಲ್ಸಿ ನಕ್ಕಳು, ಆಮೇಲೆ ಅತ್ತಳು.

ನಿಮಗೆ ಹೇಳಬೇಕಿತ್ತು. ನೀವು ಸಭೆಯಲ್ಲಿ ನನ್ನ ಹೆಸರು ಹೇಳಿದ್ದೀರಿ ಎಂದು ಓದಿದ ಮೇಲೆ ಬಾಯಿ ಬರಲಿಲ್ಲ. ಊರಿನಲ್ಲಿ ಒಬ್ಬರಾದರೂ ನಾನು ದೊಡ್ಡ ಮೆಷಿನಿನ ಮುಂದೆ ಕೂತಿದ್ದೇನೆ ಎಂದುಕೊಂಡಿರಲಿ ಎಂಬ ಆಸೆಯೂ ಇತ್ತು. ಸಂಖ್ಯೆಗಳ ವರ್ಗ ಮಾಡಲು ಒಂದು ಚಿಕ್ಕ ಕ್ಯಾಲ್ಕುಲೇಟರ್ ಇದೆ; ಬ್ಯಾಟರಿ ಉಳಿಯಲೆಂದು ಕೂಡುವುದು ಕೈಯಲ್ಲೇ. ನಮ್ಮ ಮುದೀರ್, ಎಂದರೆ ಮ್ಯಾನೇಜರ್, ನೋಡಿ ಹೋಗುತ್ತಾರೆ. "ಕ್ಲೆಮೆಂಟ್ ಭಾಯಿ, ಟಮಾಟರ್ ಗಿನ್‌ನಾ ಖಲಾಸ್? ಫಿರ್ ಯೇ ಕ್ಯಾ ಲಿಖ್ತಾ ಹೈ?" ಎಣಿಸಿ ಮುಗಿದ ಮೇಲೂ ಏನು ಬರೆಯುತ್ತೀ ಎಂದು ಕೇಳುತ್ತಾರೆ. ರಾಗಿ ಎಂದರೆ ಅವರಿಗೆ ತಿಳಿಯುವುದಿಲ್ಲ, ಊರಿನ ಲೆಕ್ಕ ಎನ್ನುತ್ತೇನೆ.

ಈಗ ನಿಮ್ಮ ವಿಷಯ. ನೀವು ಬರೆದ ಹತ್ತು ಗ್ರಾಮುಗಳನ್ನು ಅರ್ಧ ಕಿಲೋ ಮಾಡಿದರೆ ತಳಿ ಸಲೀಸಾಗಿ ಗೆಲ್ಲುತ್ತದೆ. ಸುಳ್ಳು ಯಾಕೆ ಹೇಳಲಿ, ಒಂದು ಶುಕ್ರವಾರ ಅದನ್ನೂ ಮಾಡಿ ನೋಡಿದೆ. ಫೆಲ್ಸಿ ಪಕ್ಕದಲ್ಲಿ ಬಂದು ನಿಂತು, "ಇದು ಯಾವ ಊರಿನದ್ದು?" ಎಂದಳು. ಯಾವ ಊರಿನದ್ದೂ ಅಲ್ಲ ಎಂದು ಹರಿದು ಹಾಕಿದೆ. ಸರಿಯಾದ ದಾರಿ ಒಂದಿದೆ. ಆರನೆಯ ಊರಿನಿಂದ ರಾಶಿಯ ತೂಕ ಮಾತ್ರ ತೆಗೆದುಕೊಂಡು, ತಾಕುಗಳ ಹೆಚ್ಚುಕಡಿಮೆಯನ್ನು ಉಳಿದ ಐದು ಊರುಗಳಿಂದ ಪಡೆಯುವುದು. ಹಾಗೆ ಮಾಡಿದೆ. ತಳಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ ರಾಶಿ ಬೆರೆತ ಸಂಗತಿಯನ್ನು ಹಾಗೆಯೇ ಬರೆಯಬೇಕಾಗುತ್ತದೆ. ಹೊಸ ಹಾಳೆಗಳಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಕೊಡುವುದು ಬಿಡುವುದು ನಿಮ್ಮ ಇಷ್ಟ.

ಏಳನೆಯ ತಳಿಯ ದಶಕ ಸರಿಮಾಡಿದ್ದೇನೆ.

ನಿಮ್ಮ
ಕ್ಲೆಮೆಂಟ್

*

ಮಾವಿನಹೊಳೆ
3 ಮೇ 1983

ಪ್ರಿಯ ಕ್ಲೆಮೆಂಟ್,

ಮೊದಲು ನಿನ್ನ ವಿಷಯ. ಟೊಮೆಟೊ ಎಣಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ನಿನ್ನನ್ನು ಸಾಹೇಬ ಎಂದು ಚುಚ್ಚಿದ್ದು ನನಗೆ ಈಗ ಚುಚ್ಚುತ್ತಿದೆ. ಕಾಂತಮ್ಮ "ನಾ ಹೇಳ್ಲಿಲ್ವಾ" ಎಂದು ಎರಡು ಸಲ ಅಂದಳು.

ಸಭೆ ಇಪ್ಪತ್ತೆಂಟಕ್ಕೆ ನಡೆಯಿತು. ನಿನ್ನ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಅಧ್ಯಕ್ಷರು ತಿರುಗಿಸಿ ಮುರುಗಿಸಿ ನೋಡಿ, "ಏನ್ರೀ ತಿಮ್ಮರಾಯಪ್ಪ, ಕುವೈತ್ ಕಂಪ್ಯೂಟರ್ರು ಶಾಯಿ ಪೆನ್ನಲ್ಲಿ ಬರಿಯುತ್ತಾ?" ಎಂದರು.

"ಹೌದು ಸರ್, ಸ್ವೆಟರೂ ಹಾಕ್ಕೊಳ್ಳುತ್ತೆ" ಎಂದೆ. ನಗು. ಆಮೇಲೆ ಮೊದಲ ಸಾಲು ಓದಿದರು. ಬೆನಕ, ಹೂವು, ಒಂದೇ ಒಲೆ, ಎಲ್ಲ ಹೇಳಿದೆ. ನಾನು ಮೂರರಿಂದ ಭಾಗಿಸಿ ಬರೆದದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಒಬ್ಬರು, ಹೆಸರು ಬೇಡ, "ಇಷ್ಟು ವರ್ಷದ ಸರ್ವಿಸಿನ ಕೊನೆಯಲ್ಲಿ ಇದು ಬೇಕಿತ್ತಾ?" ಎಂದರು. ಬೇಕಿರಲಿಲ್ಲ.

ತೀರ್ಮಾನ ಇಷ್ಟು. ಆರನೆಯ ಊರಿನ ಫಲಿತಾಂಶ ತೆಗೆದುಹಾಕಲಾಗಿದೆ. ಅದಿಲ್ಲದೆ ನಮ್ಮ ಸರಾಸರಿ ಹಳೆಯ ತಳಿಗಿಂತ ಕೆಳಗೆ. ಆದರೆ ತಳ್ಳಿಹಾಕಿಲ್ಲ. ಅದೇ ಹೊಲದಲ್ಲಿ ಈ ಮುಂಗಾರಿಗೆ ಪ್ರಯೋಗ ಮತ್ತೆ ಮಾಡಿ, ಮೂವತ್ತಾರು ತಾಕು ಬೇರೆ ಬೇರೆ ತೂಗಿ ತರಬೇಕು. ತೂಕದ ಪಟ್ಟಿ ನಾನು ಕೊಡಬೇಕು. ಪೂರ್ತಿ ಲೆಕ್ಕವನ್ನು ಮಾಡಿದವನೇ ಸಹಿ ಹಾಕಿ ಕಾರ್ಯದರ್ಶಿಗೆ ನೇರವಾಗಿ ಕಳುಹಿಸಬೇಕು. ನನ್ನ ಕೈ ದಾಟಿ ಬರುವುದು ಅವರಿಗೆ ಬೇಡ. ಅದರಲ್ಲಿ ತಪ್ಪೇನಿಲ್ಲ.

ಬಿತ್ತುವ ಹೊತ್ತಿಗೆ ನಾನು ಪಿಂಚಣಿದಾರ. ಪುಟ್ಟಯ್ಯನ ಊರಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಸೊಂಟ ಕೇಳುವುದಿಲ್ಲ, ಆದರೂ ಹೋಗುತ್ತೇನೆ. ಆಯಾಸವಾಗಿದೆ ಕ್ಲೆಮೆಂಟ್. ಸಭೆಯಿಂದ ಬಂದವನು ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲೇ ನಿದ್ದೆ ಹೋದೆ.

ತಿಮ್ಮರಾಯಪ್ಪ

*

ಜಹ್ರಾ
14 ಅಕ್ಟೋಬರ್ 1983

ಪೂಜ್ಯರಿಗೆ ನಮಸ್ಕಾರಗಳು.

ಮೇ ತಿಂಗಳ ನಂತರ ನಿಮ್ಮ ಪತ್ರವಿಲ್ಲ. ನಾನು ಎರಡು ಬರೆದೆ. ನನ್ನ ಮೊದಲ ಸಾಲಿನಿಂದ ನಿಮಗೆ ಸಭೆಯಲ್ಲಿ ಮುಖಭಂಗವಾಯಿತು ಎಂಬ ಸಿಟ್ಟೋ, ಅಥವಾ ಆರೋಗ್ಯ ಸರಿ ಇಲ್ಲವೋ ತಿಳಿಯದು. ಸಿಟ್ಟಾಗಿದ್ದರೆ ಸಂತೋಷ.

ಇಲ್ಲಿ ಬೇಸಿಗೆ ಇನ್ನೂ ಹೋಗಿಲ್ಲ. ಜುಲೈಯಲ್ಲಿ ಧೂಳಿನ ಗಾಳಿ ಎದ್ದು ನಾಲ್ಕು ದಿನ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಕೂತೆವು. ಗೋದಾಮಿನ ಒಳಗೂ ಹೊರಗೂ ಓಡಾಡಿ ನನಗೆ ಕೆಮ್ಮು ಹಿಡಿದಿದೆ. ಅಹ್ಮದಿಯಲ್ಲಿ ಒಂದು ಕಡೆ ಹೋಗಿ ಕೆಲಸ ಕೇಳಿದೆ. ಇಕಾಮಾ ಬಿಟ್ಟುಕೊಡಲು ಧಣಿ ಒಪ್ಪಿದರೆ ನೋಡೋಣ ಎಂದರು. ಧಣಿ "ಬುಕ್ರಾ" ಎಂದರು. ನಾಳೆ ಎಂದು ಅರ್ಥ. ಎಂಟು ವಾರದಿಂದ ಅದೇ ನಾಳೆ ನಡೆಯುತ್ತಿದೆ.

ಒಂದು ಸಂತೋಷದ ವಿಷಯ. ಊರಿನಿಂದ ಬಂದವರು ಉಪ್ಪಿನಕಾಯಿ ಭರಣಿಯನ್ನು ಕನ್ನಡ ಪೇಪರಿನಲ್ಲಿ ಸುತ್ತಿ ತಂದಿದ್ದರು. ನಿಮ್ಮ ಕಡೆ ಹಲವು ವರ್ಷಗಳಲ್ಲೇ ಕಾಣದಂಥ ಒಳ್ಳೆಯ ಮಳೆ ಎಂದು ಅದರಲ್ಲಿತ್ತು. ಓದಿದ ಕೂಡಲೇ ಫೆಲ್ಸಿಯನ್ನು ಕರೆದು, "ಸರ್ ಗೆದ್ದರು, ಈ ಸಲ ಪ್ರಯೋಗ ಚೆನ್ನಾಗಿ ಬರುತ್ತದೆ" ಎಂದೆ. ಅವಳು ಆ ಶುಕ್ರವಾರ ಇಗರ್ಜಿಯಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಮೊಂಬತ್ತಿ ಹಚ್ಚಿದಳು.

ಒಂದು ಗೆರೆಯಾದರೂ ಬರೆಯಿರಿ.

ನಿಮ್ಮ
ಕ್ಲೆಮೆಂಟ್

*

ಮಾವಿನಹೊಳೆ
8 ಜನವರಿ 1984

ಪ್ರಿಯ ಕ್ಲೆಮೆಂಟ್,

ಸಿಟ್ಟಿಲ್ಲ. ಆರೋಗ್ಯವಾಗಿದ್ದೇನೆ.

ತೂಕದ ಪಟ್ಟಿ ಇದರೊಂದಿಗೆ ಇದೆ. ಮೂವತ್ತಾರೂ ಬೇರೆ ಬೇರೆ. ಪುಟ್ಟಯ್ಯನ ಹೆಂಡತಿ ಒಂದೊಂದು ರಾಶಿಗೂ ಒಂದೊಂದು ಬೆನಕ ಇಟ್ಟು, ಒಂದೊಂದಕ್ಕೂ ಬೇರೆ ದೇವರ ಹೆಸರು ಹೇಳಿ ಮೀಸಲು ಎಂದಳು. ದೇವರು ಬೇರೆಯಾದ ಮೇಲೆ ಭಾಗದ ಮಾತಿಲ್ಲವಂತೆ. ಮೂವತ್ತಾರು ಪೂಜೆ ಮುಗಿಯುವ ತನಕ ಯಾರಿಗೂ ಊಟವಿಲ್ಲ. ನಾನು ಕಣದಲ್ಲೇ ಕೂತು ತೂಗಿದೆ.

ಲೆಕ್ಕ ಮಾಡು. ಬಂದದ್ದನ್ನು ಬರೆ.

ತಿಮ್ಮರಾಯಪ್ಪ

*

ಜಹ್ರಾ
24 ಫೆಬ್ರವರಿ 1984

ಪೂಜ್ಯರಿಗೆ ನಮಸ್ಕಾರಗಳು.

ಲೆಕ್ಕ ಮುಗಿದು ಎರಡು ವಾರವಾಯಿತು. ಬರೆಯಲು ಕೈ ಬರಲಿಲ್ಲ.

ಮಳೆ ಒಳ್ಳೆಯದು ಎಂದು ನಾನು ಕುಣಿದಿದ್ದೆ. ಆರು ಊರಿನ ಲೆಕ್ಕ ಬಲ್ಲವನಿಗೆ ಅಷ್ಟು ತಿಳಿಯಬೇಡವೇ? ಪುಟ್ಟಯ್ಯನ ಹೊಲ ಈ ವರ್ಷ ಕೆಟ್ಟ ಊರಾಗಿ ಉಳಿದಿಲ್ಲ. ಉಳಿದ ಹನ್ನೊಂದು ತಳಿಗಳು ಹಿಗ್ಗಿವೆ. ನಲವತ್ತೊಂದು ಯಾವಾಗಲೂ ಕೊಡುವಷ್ಟೇ ಕೊಟ್ಟಿದೆ. ಹತ್ತನೆಯ ಸ್ಥಾನ.

ಗೆರೆ ಎಳೆದೆ. ಆರೂ ಚುಕ್ಕೆ ಗೆರೆಗೆ ಅಂಟಿಕೊಂಡಂತೆ ಬಂದವು. ಚೆದುರಿವೆ ಎಂದು ಇನ್ನು ಯಾರೂ ಹೇಳುವಂತಿಲ್ಲ. ಹೊಡೆದು ಹಾಕಿದ ಹಳೆಯ ರಾಶಿಯ ಚುಕ್ಕೆಯನ್ನು ಸುಮ್ಮನೆ ನನ್ನ ಸಮಾಧಾನಕ್ಕೆ ಪೆನ್ಸಿಲಿನಲ್ಲಿ ಇಟ್ಟು ನೋಡಿದೆ. ಅದೂ ಗೆರೆಯ ಮೇಲೆಯೇ ಬಿತ್ತು ಸರ್. ನೀವು ಹದಿನೈದು ವರ್ಷದಿಂದ ಹೇಳುತ್ತಿದ್ದದ್ದು ಅಕ್ಷರಶಃ ನಿಜ: ಒಳ್ಳೆಯ ಕಡೆ ಹಿಂದೆ, ಕೆಟ್ಟ ಕಡೆ ಮುಂದೆ. ಆದರೆ ಸಮಿತಿಯ ಹಾಳೆಯಲ್ಲಿ ಈಗ ಕೆಟ್ಟ ಊರು ಒಂದೂ ಇಲ್ಲ. ಸರಾಸರಿ ಹಳೆಯ ತಳಿಗಿಂತ ಬಹಳ ಕೆಳಗೆ. ಇದನ್ನು ನೋಡಿದ ಮೇಲೆ ಅವರು ಇನ್ನೊಮ್ಮೆ ಅವಕಾಶ ಕೊಡುವುದಿಲ್ಲ.

ಕಾರ್ಯದರ್ಶಿಯಿಂದ ಜ್ಞಾಪನಾ ಪತ್ರ ಬಂದಿದೆ. ಹಾಳೆಗಳು ಇನ್ನೂ ನನ್ನ ಬಳಿಯೇ ಇವೆ. ಅತಿಯಾದ ಮಳೆಯಿಂದ ಪ್ರಯೋಗ ಹಾಳಾಯಿತು, ಇನ್ನೊಂದು ವರ್ಷ ಬೇಕು ಎಂದು ನೀವು ಎರಡು ಸಾಲು ಬರೆದರೆ ಅವರು ಒಪ್ಪಬಹುದು. ಮುಂದಿನ ವರ್ಷ ಮಳೆ ಹೋದರೆ ತಳಿ ಉಳಿಯುತ್ತದೆ. ಸುಳ್ಳಿನ ಅಂಕಿ ಬರೆಯಲು ನಾನು ಹೇಳುತ್ತಿಲ್ಲ. ಕಾಯಲು ಮಾತ್ರ ಹೇಳುತ್ತಿದ್ದೇನೆ. ನನಗಂತೂ ಕಾಯುವುದು ಅಭ್ಯಾಸವಾಗಿದೆ. ನೀವು ಹೂಂ ಎಂದರೆ ಹಾಳೆಗಳು ಇಲ್ಲೇ ಇರುತ್ತವೆ.

ಏನು ಮಾಡಲಿ?

ನಿಮ್ಮ
ಕ್ಲೆಮೆಂಟ್

*

ಮಾವಿನಹೊಳೆ
7 ಮಾರ್ಚ್ 1984

ಪ್ರಿಯ ಕ್ಲೆಮೆಂಟ್,

ಕಾಯುವುದು ಬೇಡ. ಕಳುಹಿಸು.

ಅಷ್ಟು ತಿಂಗಳು ಯಾಕೆ ಬರೆಯಲಿಲ್ಲ ಎಂದು ನೀನು ಕೇಳಿದ್ದೆ. ಜುಲೈ ಕೊನೆಯಲ್ಲಿ ಬಿತ್ತನೆ ಮುಗಿಸಿ ಪುಟ್ಟಯ್ಯನ ಜಗಲಿಯಲ್ಲಿ ಕೂತಿದ್ದೆವು. ಮೂಡಲ ದಿಕ್ಕಿನಲ್ಲಿ ಮೋಡ ಕಟ್ಟಿತು. ಅವನ ಹೆಂಡತಿ ಅಂಗಳಕ್ಕೆ ಬಂದು ಮೇಲೆ ನೋಡಿ ಕೈಮುಗಿದಳು. ನಾನೂ ಎದ್ದು ಅವಳ ಪಕ್ಕ ನಿಂತು ಕೈಮುಗಿದೆ. ಸ್ವಲ್ಪ ಹೊತ್ತಿಗೆ ಹನಿ ಬಿತ್ತು, ಆಮೇಲೆ ಹೊಡೆಯಿತು. "ನೋಡಿ ಸಾಮಿ, ನಿಮ್ ಕಾಲ್ಗುಣ. ದೊಡ್ಡೋರು ಬೇಡ್ಕಂಡ್ರೆ ದ್ಯಾವ್ರು ಕೊಡ್ತಾನೆ" ಎಂದಳು.

ಬರದಿರಲಿ ಎಂದು ನಾನು ಬೇಡಿಕೊಂಡಿದ್ದೆ.

ಆ ಮಳೆಗಾಲದಲ್ಲಿ ನಾನು ಹೋದಾಗಲೆಲ್ಲ ಅವಳು ನನ್ನನ್ನು ಮಣೆ ಹಾಕಿ ಕೂರಿಸಿ ಮುದ್ದೆ ಬಡಿಸಿದಳು. ತುಪ್ಪ ಹಾಕಿದಳು. ನಾನು ತಲೆ ಎತ್ತದೆ ಉಂಡು ಬಂದೆ. ಮೂವತ್ತು ವರ್ಷ ರೈತರ ಹೆಸರು ಹೇಳಿ ಸಂಬಳ ತಿಂದವನು, ಅವರ ಅಂಗಳದಲ್ಲೇ ನಿಂತು ಅವರ ಮಳೆ ಬೇಡ ಎಂದೆ. ಇದನ್ನು ಯಾರಿಗೆ ಬರೆಯಲಿ? ನಲವತ್ತೊಂದರ ಮೇಲಿನ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಇನ್ನೊಂದು ವರ್ಷ ಕೊಟ್ಟರೆ ಇನ್ನೊಂದು ವರ್ಷ ಅದನ್ನೇ ಬೇಡುತ್ತೇನೆ. ನನಗೆ ನನ್ನ ಗುಣ ಗೊತ್ತು.

ಹಾಳೆಗಳನ್ನು ಇವತ್ತೇ ಅಂಚೆಗೆ ಹಾಕು. ರಿಜಿಸ್ಟರ್ ಮಾಡಿಸು.

ತಿಮ್ಮರಾಯಪ್ಪ